ಎಷ್ಟು ನೀರು ಎಂದು ಹೇಳುವವರು ಎಂಥ ನೀರು ಎಂದೂ ಹೇಳಲಿ

ಜೂನ್ ತಿಂಗಳು ಕಾಲಿಟ್ಟಿತೆಂದರೆ ಮುಂಬಯಿಯ ಪತ್ರಿಕೆಗಳಲ್ಲಿ ಒಂದು ಅಂಕಿ ದಿನವೂ ಅಚ್ಚಾಗತೊಡಗುತ್ತದೆ. ಮೇಲಿನ ವೈತರಣಾ, ಮೋಡಕ್ ಸಾಗರ, ತಾನ್ಸಾ, ಮಧ್ಯ ವೈತರಣಾ, ಭಾತ್ಸಾ, ವಿಹಾರ, ತುಳಸಿ ಎಂಬ ಏಳು ಜಲಾಶಯಗಳಲ್ಲಿ ಆ ದಿನ ಮುಂಜಾನೆ ಆರು ಗಂಟೆಗೆ ಎಷ್ಟು ನೀರಿತ್ತು, ಒಟ್ಟು ಸುಮಾರು 1.45 ಲಕ್ಷ ಕೋಟಿ ಲೀಟರುಗಳ ಸಾಮರ್ಥ್ಯದಲ್ಲಿ ಅದು ಶೇಕಡಾ ಎಷ್ಟಾಯಿತು ಎಂಬ ಲೆಕ್ಕ ಅದು. ಘಾಟ್ಕೋಪರಿನ ಹೋಟೆಲಿನ ಗಲ್ಲೆಯಲ್ಲಿ ಕುಳಿತವರಿಗೂ, ಲೋಕಲ್ ಗಾಡಿಯಲ್ಲಿ ನೇತಾಡುವವರಿಗೂ ಆ ಅಂಕಿ ಬಾಯಿಪಾಠ. ಇದೇ ದಿನಗಳಲ್ಲಿ ಮಹಾನಗರಪಾಲಿಕೆ ಇನ್ನೊಂದು ಪ್ರಕಟಣೆಯನ್ನೂ ತಪ್ಪದೆ ಹೊರಡಿಸುತ್ತದೆ: ಪೊವಾಯಿ ಕೆರೆ ಕೋಡಿ ಬಿತ್ತು. 1890ರಲ್ಲಿ 12.59 ಲಕ್ಷ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಕೆರೆ, 6.61 ಚದರ ಕಿಲೋಮೀಟರಿನ ಜಲಾನಯನ ಪ್ರದೇಶ, ತುಂಬಿದಾಗ 2.23 ಚದರ ಕಿಲೋಮೀಟರಿನ ಹರಹು, 545 ಕೋಟಿ ಲೀಟರಿನ ಸಾಮರ್ಥ್ಯ. ಇಷ್ಟೆಲ್ಲ ಹೇಳಿದ ಮೇಲೆ ಕೊನೆಗೊಂದು ವಾಕ್ಯ ಬರುತ್ತದೆ: ಈ ನೀರು ಕುಡಿಯಲು ಯೋಗ್ಯವಲ್ಲ.

ನಮ್ಮ ತಕರಾರು ಆ ಕೊನೆಯ ವಾಕ್ಯದಿಂದ ಆರಂಭವಾಗುತ್ತದೆ. ನೀರಿನ ಪ್ರಮಾಣದ ಬಗ್ಗೆ ದಿನಕ್ಕೊಂದು ಅಂಕಿ ಕೊಡುವ ವ್ಯವಸ್ಥೆ ನೀರಿನ ಗುಣದ ಬಗ್ಗೆ ವರ್ಷಕ್ಕೊಂದು ವಾಕ್ಯ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಕೆರೆ ಯಾವಾಗ ತುಂಬೀತು ಎಂದು ಮುಂದಾಗಿ ಅಂದಾಜು ಮಾಡುತ್ತಾರೆ. ಕೆರೆ ಯಾವಾಗ ವಿಷವಾದೀತು ಎಂದು ಅಂದಾಜು ಮಾಡುವ ಹೊಣೆ ಯಾರ ಮೇಜಿನ ಮೇಲೂ ಇಲ್ಲ. ಅದು ಸಾಧ್ಯವಿಲ್ಲದ್ದರಿಂದ ಅಲ್ಲ. ಮುಂಚಿತವಾಗಿ ಹೇಳಿದವನು ಆಮೇಲೆ ಉತ್ತರ ಕೊಡಬೇಕಾಗುತ್ತದೆ ಎಂಬ ಕಾರಣದಿಂದ. ಈ ಬರಹದಲ್ಲಿ ನಾವು ವಾದಿಸಹೊರಟಿರುವುದು ಇಷ್ಟನ್ನೇ.

ಸಾಹಿತ್ಯದ ಬಳಗಕ್ಕೆ ಪಾಚಿಯ ಗೊಡವೆ ಏಕೆ ಎಂದು ಕೇಳುವವರು ಇರಬಹುದು. ಕೆರೆಯನ್ನು ಕುರಿತ ಮಾತೇ ಕೆಟ್ಟಿರುವಾಗ, ಮಾತಿನ ಕಸುಬಿನವರು ಸುಮ್ಮನಿರುವುದು ಹೇಗೆ ಎಂಬುದು ನಮ್ಮ ಉತ್ತರ. ಅದಕ್ಕೆ ಮುಂದೆ ಬರುತ್ತೇವೆ. ಮೊದಲು ವಿಷಯವನ್ನು ತಿಳಿಯೋಣ.

ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಹರಡುವ, ಗಾಳಿ ಬೀಸಿದ ದಿಕ್ಕಿನ ದಡದಲ್ಲಿ ಗಂಜಿಯಂತೆ ಕೆನೆಗಟ್ಟುವ ಪದಾರ್ಥವನ್ನು ನಾವು ಪಾಚಿ ಎನ್ನುತ್ತೇವೆ. ಅದರಲ್ಲಿ ಅಪಾಯಕಾರಿಯಾದದ್ದು ಬಹುತೇಕ ಸಯನೋಬ್ಯಾಕ್ಟೀರಿಯಾ, ಅಂದರೆ ನೀಲಿ-ಹಸಿರು ಪಾಚಿ ಎಂದು ಹೆಸರಾದ ಬ್ಯಾಕ್ಟೀರಿಯಾ. ಮೈಕ್ರೋಸಿಸ್ಟಿಸ್ ಎಂಬುದು ಅದರ ಒಂದು ಪ್ರಸಿದ್ಧ ಕುಲ. ಅದರ ಕೋಶಗಳೊಳಗೆ ಸೂಕ್ಷ್ಮವಾದ ಗಾಳಿಚೀಲಗಳಿವೆ. ನೀರು ಅಲುಗಾಡದಿರುವಾಗ ಅದು ಮೇಲಕ್ಕೆ ತೇಲಿ ಬಂದು ಬಿಸಿಲನ್ನು ತಾನೇ ಬಾಚಿಕೊಳ್ಳುತ್ತದೆ, ಕೆಳಗಿನ ಜೀವಿಗಳಿಗೆ ಕತ್ತಲು ಹಾಸುತ್ತದೆ. ಅದರ ಕೆಲವು ತಳಿಗಳು ಮೈಕ್ರೋಸಿಸ್ಟಿನ್ ಎಂಬ ನಂಜನ್ನು ತಯಾರಿಸುತ್ತವೆ. ಪಿತ್ತಜನಕಾಂಗವನ್ನು ಹಾಳುಮಾಡುವ ನಂಜು ಅದು. ಎಲ್ಲ ಹಸಿರೂ ನಂಜಲ್ಲ. ಆದರೆ ಯಾವುದು ನಂಜು ಎಂಬುದನ್ನು ಬಣ್ಣ ನೋಡಿ ಹೇಳಲಾಗದು, ಅಳೆದೇ ತಿಳಿಯಬೇಕು.

ಇದಕ್ಕೆ ಮುನ್ನೆಚ್ಚರಿಕೆ ಅನಿವಾರ್ಯವಾಗುವುದಕ್ಕೆ ಒಂದು ವಿಶೇಷ ಕಾರಣವಿದೆ. ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದಿರುವ ರಕ್ಷಣೆ ಒಂದೇ: ನೀರನ್ನು ಕುದಿಸಿ, ಆರಿಸಿ, ಸೋಸಿ ಕುಡಿಯುವುದು. ಕಾಲರಾ, ವಿಷಮಶೀತ ಜ್ವರಗಳ ರೋಗಾಣುಗಳಿಗೆ ಆ ಉಪಾಯ ಸರಿ. ಮೈಕ್ರೋಸಿಸ್ಟಿನ್ ಕುದಿಯುವ ನೀರಿಗೆ ಜಗ್ಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೀಡೋ ನಗರದಲ್ಲಿ, ಈರಿ ಸರೋವರದಿಂದ ಬಂದ ನಲ್ಲಿ ನೀರಿನಲ್ಲಿ ಈ ನಂಜು ಕಂಡುಬಂದಾಗ, 4 ಲಕ್ಷಕ್ಕೂ ಹೆಚ್ಚು ಜನರಿಗೆ ಕೊಟ್ಟ ಸೂಚನೆಯಲ್ಲಿ ‘ಕುಡಿಯಬೇಡಿ’ ಎಂಬುದರ ಜೊತೆಗೆ ‘ಕುದಿಸಬೇಡಿ’ ಎಂಬ ಮಾತೂ ಇತ್ತು. ಗೃಹಿಣಿಯ ಒಲೆ ಕೈಬಿಡುವ ಕಡೆ ಸರಕಾರದ ಮಾತು ಕೈಹಿಡಿಯಬೇಕಾಗುತ್ತದೆ. ಆ ಮಾತು ತಡವಾಗಿ ಬಂದರೆ ಪ್ರಯೋಜನವಿಲ್ಲ.

ತಡವಾಗಿ ಎಚ್ಚೆತ್ತವರು ಗಾಬರಿಯಲ್ಲಿ ಮಾಡುವ ಮದ್ದೂ ಕೆಡುಕಾಗಬಲ್ಲದು. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಜಲಾಶಯದ ಪಾಚಿಯನ್ನು ಕೊಲ್ಲಲು ಮೈಲುತುತ್ತ ಸುರಿದರು. ಪಾಚಿ ಸತ್ತಿತು, ಸಾಯುವಾಗ ಅದರ ಕೋಶಗಳು ಒಡೆದು ಒಳಗಿದ್ದ ನಂಜೆಲ್ಲ ನೀರಿಗೆ ಸೇರಿತು. 148 ಜನ, ಅವರಲ್ಲಿ ಬಹುಪಾಲು ಮಕ್ಕಳು, ಕಾಯಿಲೆ ಬಿದ್ದರು. 1996ರಲ್ಲಿ ಬ್ರೆಜಿಲಿನ ಕರುವಾರು ಪಟ್ಟಣದ ಒಂದು ಡಯಾಲಿಸಿಸ್ ಕೇಂದ್ರಕ್ಕೆ ಬಂದ ನೀರಿನಲ್ಲಿ ಮೈಕ್ರೋಸಿಸ್ಟಿನ್ ಇತ್ತು. ಐವತ್ತಕ್ಕೂ ಹೆಚ್ಚು ರೋಗಿಗಳ ಸಾವಿಗೆ ಅದು ಕಾರಣವಾಯಿತು. ಇವು ಅಪರೂಪದ ದುರಂತಗಳೆಂಬುದು ನಿಜ. ಅಪರೂಪದ ಅಪಾಯಕ್ಕೇ ಮುನ್ಸೂಚನೆ ಬೇಕು. ದಿನವೂ ಬರುವ ಅಪಾಯವನ್ನು ಜನ ತಾವೇ ಬಲ್ಲರು.

‘ಇದೆಲ್ಲ ಪ್ರಕೃತಿಯ ಲೀಲೆ, ಯಾವಾಗ ಬರುತ್ತದೆಂದು ಯಾರು ಬಲ್ಲರು’ ಎಂಬುದು ನಾವು ಎದುರಿಸಬೇಕಾದ ಮೊದಲ ವಾದ. ಅದು ಸುಳ್ಳು. 1973ರಲ್ಲಿ ಕೆನಡಾದ ಒಂಟೇರಿಯೋದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226ನೆಯ ಸಂಖ್ಯೆಯ ಸರೋವರವನ್ನು ನಡುವೆ ಪರದೆ ಕಟ್ಟಿ ಇಬ್ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕವನ್ನು ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರಾಯಿತು, ಪರದೆಯ ಈಚೆಯ ಭಾಗ ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಸರೋವರದ ಚಿತ್ರ ಜಗತ್ತಿನ ಪಠ್ಯಪುಸ್ತಕಗಳಲ್ಲೆಲ್ಲ ಇದೆ. ಕೆರೆಗೆ ಎಷ್ಟು ರಂಜಕ ಬರುತ್ತದೆ, ನೀರು ಎಷ್ಟು ಬೆಚ್ಚಗಿದೆ, ಎಷ್ಟು ದಿನ ಗಾಳಿಯಿಲ್ಲದೆ ನಿಂತಿದೆ ಎಂಬುದನ್ನು ಬಲ್ಲವನು ಅಪಾಯದ ಹೊತ್ತನ್ನು ಬಹುಮಟ್ಟಿಗೆ ಬಲ್ಲ. ಇದು ಐವತ್ತು ವರ್ಷ ಹಳೆಯ ತಿಳಿವಳಿಕೆ.

ಕೆನಡಾದವರೆಗೆ ಹೋಗಬೇಕಾಗಿಯೂ ಇಲ್ಲ. ಅಂಥದೇ ಒಂದು ಪ್ರಯೋಗವನ್ನು ಮುಂಬಯಿ ತನಗರಿವಿಲ್ಲದೆ ನಡೆಸಿದೆ. ಮೀಠಿ ನದಿಯ ಮೂಲದಲ್ಲಿ ಒಂದರ ಪಕ್ಕ ಒಂದಿರುವ ಎರಡು ಕೆರೆಗಳು ವಿಹಾರ ಮತ್ತು ಪೊವಾಯಿ. ಎರಡನ್ನೂ ಬ್ರಿಟಿಷರ ಕಾಲದಲ್ಲಿ ಊರಿಗೆ ಕುಡಿಯುವ ನೀರು ಒದಗಿಸಲೆಂದೇ ಕಟ್ಟಿದರು. ವಿಹಾರ 1860ರಲ್ಲಿ ಮುಗಿಯಿತು, ಪೊವಾಯಿ ಅದಕ್ಕಿಂತ ಮೂವತ್ತು ವರ್ಷ ಕಿರಿದು. ಒಂದೇ ಮಳೆ, ಒಂದೇ ಬಿಸಿಲು, ಒಂದೇ ಮಣ್ಣು. ಹಿರಿಯ ಕೆರೆಯ ನೀರನ್ನು ಇಂದಿಗೂ ಶುದ್ಧೀಕರಿಸಿ ಕುಡಿಯುತ್ತಿದ್ದಾರೆ. ಕಿರಿಯ ಕೆರೆಯ ನೀರು ಕಾರ್ಖಾನೆಗೂ ಆರೆ ಕಾಲೊನಿಯ ಹೊರಬಳಕೆಗೂ ಮಾತ್ರ. ವಿಹಾರದ ಸುತ್ತ ಕಾಡು ಉಳಿಯಿತು, ಪೊವಾಯಿಯ ಸುತ್ತ ಗಗನಚುಂಬಿ ಕಟ್ಟಡಗಳೂ ಕೊಳೆಗೇರಿಗಳೂ ಬೆಳೆದವು, ಅವುಗಳ ಬಚ್ಚಲು ಕೆರೆಗೆ ತೆರೆಯಿತು. ಇದರಲ್ಲಿ ಪ್ರಕೃತಿಯ ಲೀಲೆ ಎಲ್ಲಿದೆ?

ಲೆಕ್ಕವನ್ನೇ ನೋಡೋಣ. ಮಹಾನಗರಪಾಲಿಕೆಯೇ ಒಪ್ಪುವಂತೆ ಪೊವಾಯಿ ಕೆರೆಗೆ ದಿನಕ್ಕೆ ಸುಮಾರು 1.8 ಕೋಟಿ ಲೀಟರ್ ಕೊಳಚೆ ನೀರು ಬಂದು ಬೀಳುತ್ತದೆ. 365ರಿಂದ ಗುಣಿಸಿದರೆ ವರ್ಷಕ್ಕೆ 657 ಕೋಟಿ ಲೀಟರ್. ಕೆರೆಯ ಒಟ್ಟು ಸಾಮರ್ಥ್ಯ 545 ಕೋಟಿ. ಅಂದರೆ ವರ್ಷವೊಂದರಲ್ಲಿ ಹಿಡಿಸುವ ನೀರಿಗಿಂತ ಹೆಚ್ಚು ಕೊಳಚೆಯನ್ನು ಆ ಕೆರೆ ನುಂಗುತ್ತದೆ. ಮಲಮೂತ್ರದಲ್ಲಿ ರಂಜಕವಿದೆ, ಬಟ್ಟೆ ತೊಳೆಯುವ ಪುಡಿಗಳಲ್ಲಿಯೂ ಇರುತ್ತದೆ. ಇಂಥ ಕೆರೆಯಲ್ಲಿ ಪಾಚಿ ಕಂಡಾಗ ‘ಇದ್ದಕ್ಕಿದ್ದಂತೆ’ ಎಂಬ ಮಾತನ್ನು ಬಳಸುವ ಹಕ್ಕು ಯಾವ ಅಧಿಕಾರಿಗೂ ಇಲ್ಲ.

ಅಪಾಯದ ಹೊತ್ತನ್ನೂ ಹೇಳಬಹುದು. ಮುಂಗಾರಿನ ಮೊದಲ ಮಳೆ ಚರಂಡಿಯಲ್ಲಿ ತಿಂಗಳುಗಟ್ಟಲೆ ಕೂಡಿದ ಕೊಳೆಯನ್ನು ಒಮ್ಮೆಗೇ ಕೆರೆಗೆ ದೂಡುತ್ತದೆ. ಮಳೆ ನಿಂತ ಮೇಲೆ ಅಕ್ಟೋಬರಿನ ಸೆಖೆ ಬರುತ್ತದೆ. ಮೋಡ ಸರಿದು ಬಿಸಿಲು ಚುರುಗುಟ್ಟುತ್ತದೆ, ಗಾಳಿ ಬೀಳುತ್ತದೆ, ತುಂಬಿದ ಕೆರೆ ನಿಶ್ಚಲವಾಗುತ್ತದೆ. ಮತ್ತೆ ಮಾರ್ಚಿನಿಂದ ಮೇವರೆಗೆ ಮಳೆಯ ನೀರು ಇಂಗಿ ಆವಿಯಾಗಿ ಇಳಿದಂತೆ ಕೊಳಚೆಯ ಪಾಲು ಹೆಚ್ಚುತ್ತದೆ, ನೀರು ಕಾಯುತ್ತದೆ. ಈ ಎರಡು ಋತುಗಳಲ್ಲಿ ಕೆರೆಯನ್ನು ಹೆಚ್ಚು ಕಾಯಬೇಕೆಂದು ತಿಳಿಯಲು ಸಾಮಾನ್ಯ ವಿವೇಕ ಸಾಕು.

ಎರಡನೆಯ ವಾದ ಹೆಚ್ಚು ನಯವಾದದ್ದು: ‘ಮುನ್ಸೂಚನೆಗೆ ಉಪಗ್ರಹ ಬೇಕು, ಕೃತಕ ಬುದ್ಧಿಮತ್ತೆ ಬೇಕು, ಅನುದಾನ ಬರಲಿ, ಮಾಡೋಣ.’ ದೊಡ್ಡ ಜಲರಾಶಿಗೆ ಉಪಗ್ರಹ ನಿಜಕ್ಕೂ ಉಪಕಾರಿ. ಯುರೋಪಿನ ಸೆಂಟಿನೆಲ್-3 ಉಪಗ್ರಹ ನೀಲಿ-ಹಸಿರು ಪಾಚಿಯ ವಿಶಿಷ್ಟ ವರ್ಣದ್ರವ್ಯವನ್ನು ಗುರುತಿಸಬಲ್ಲದು. ಅದರ ಕಣ್ಣಿಗೆ 300 ಮೀಟರಿನ ಚೌಕವೊಂದು ಒಂದು ಚುಕ್ಕೆ. ಸುಮಾರು 378 ಚದರ ಕಿಲೋಮೀಟರ್ ಹರಡಿದ ತುಂಗಭದ್ರಾ ಜಲಾಶಯದ ಮೇಲೆ ಅಂಥ ಚುಕ್ಕೆಗಳು ಸಾವಿರಗಟ್ಟಲೆ ಬೀಳುತ್ತವೆ. ಈಚಿನ ವರ್ಷಗಳಲ್ಲಿ ಹೊಸಪೇಟೆಯ ಆ ಜಲಾಶಯದ ನೀರು ಹಸಿರಾಯಿತೆಂಬ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ. ಪ್ರತಿ ಸಲವೂ ಅದು ‘ಜನರಲ್ಲಿ ಆತಂಕ’ ಎಂಬ ತಲೆಬರಹದ ಸುದ್ದಿಯಾಗಿಯೇ ಬರುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಜನ ಅದನ್ನು ಮುನ್ಸೂಚನೆಯಾಗಿ ಎರಡು ವಾರ ಮೊದಲೇ ಏಕೆ ಓದಬಾರದು?

ಪೊವಾಯಿಯ ಮಾತು ಬೇರೆ. ಅದರ ಇಡೀ ಹರಹಿಗೆ ಆ ಉಪಗ್ರಹದ ಚುಕ್ಕೆಗಳು ಇಪ್ಪತ್ತೈದನ್ನು ಮೀರುವುದಿಲ್ಲ. ಅಂಚಿನವುಗಳಲ್ಲಿ ಅರ್ಧ ನೆಲ, ಅರ್ಧ ಕಳೆ. ಮಳೆಗಾಲದ ನಾಲ್ಕು ತಿಂಗಳು ಮೋಡದ ತೆರೆ. ಆದುದರಿಂದ ಇಲ್ಲಿ ಬೇಕಾಗಿರುವುದು ಒಂದು ದೋಣಿ, ಹುಟ್ಟು ಹಾಕಲು ಒಬ್ಬ, ಅಳೆಯಲು ಇನ್ನೊಬ್ಬ. 1865ರಲ್ಲಿ ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಗುರುತು ಹಾಕಿಕೊಂಡ. ಇಂದಿಗೂ ಜಗತ್ತಿನ ಕೆರೆತಜ್ಞರು ಅದೇ ತಟ್ಟೆಯನ್ನು ಇಳಿಸುತ್ತಾರೆ. ವಾರ ವಾರವೂ ಅದೇ ಜಾಗದಲ್ಲಿ ಇಳಿಸಿದ ತಟ್ಟೆ ಬೇಗ ಬೇಗ ಮರೆಯಾಗತೊಡಗಿದರೆ ಪಾಚಿ ಏರುತ್ತಿದೆ ಎಂದು ತಿಳಿದು ಉಳಿದ ಪರೀಕ್ಷೆಗಳನ್ನು ಚುರುಕುಗೊಳಿಸಬಹುದು. ಅದರ ಜೊತೆಗೆ ನಸುಕಿನ ಹೊತ್ತಿನ ಆಮ್ಲಜನಕ, ನೀರಿನ ಉಷ್ಣತೆ, ರಂಜಕ, ಹರಿತ್ತಿನ ಪ್ರಮಾಣ ಇವಿಷ್ಟನ್ನು ತಪ್ಪದೆ ಬರೆದಿಟ್ಟರೆ ಎರಡು ಮೂರು ವರ್ಷಗಳಲ್ಲಿ ಆ ಕೆರೆಯ ಸ್ವಭಾವ ತಿಳಿಯುತ್ತದೆ. ಯಂತ್ರಕ್ಕೆ ಬುದ್ಧಿ ಕಲಿಸಬೇಕೆಂದರೂ ಮೊದಲು ಈ ದಫ್ತರ ಬೇಕು. ಅಂಕಿಗಳಿಲ್ಲದ ಕೃತಕ ಬುದ್ಧಿಮತ್ತೆಯೆಂದರೆ ಜಾತಕವಿಲ್ಲದ ಜೋಯಿಸ.

ಜೋಯಿಸನ ನೆನಪಾದಾಗ ‘ಕೆರೆಗೆ ಹಾರ’ ಕಥನಗೀತೆಯೂ ನೆನಪಾಗುತ್ತದೆ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದೆ ಹೋದಾಗ ಅಲ್ಲಿಯೂ ಹೊತ್ತಿಗೆ ತೆಗೆಸುತ್ತಾರೆ, ಅಲ್ಲಿಯೂ ಭವಿಷ್ಯ ಹೇಳಿಸುತ್ತಾರೆ. ಆ ಭವಿಷ್ಯ ಕೆರೆಯ ದೋಷವನ್ನು ಹುಡುಕದೆ ಬಲಿಯನ್ನು ಹುಡುಕಿತು; ಕಿರಿಯ ಸೊಸೆ ಭಾಗೀರಥಿ ಸಿಕ್ಕಿದಳು. ಕೆರೆಯ ವಿಷಯದಲ್ಲಿ ದನಿಯಿಲ್ಲದವರನ್ನು ಮುಂದೆ ದೂಡುವ ಪದ್ಧತಿ ಇನ್ನೂ ಮುಗಿದಿಲ್ಲ. ಮೊದಲು ಮೀನು ಸಾಯುತ್ತದೆ. ಆಮೇಲೆ ಮೀನು ಹಿಡಿಯುವವನ ದುಡಿಮೆ ಹೋಗುತ್ತದೆ. ಆಮೇಲೆ ದಡದ ನಾಯಿ, ಎಮ್ಮೆ. ಅಷ್ಟಾದ ಮೇಲೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಹೊಟ್ಟೆ ಮೇಲಾಗಿ ತೇಲಿದ ಮೇಲೆಯೇ ನೀರಿನಲ್ಲಿ ಆಮ್ಲಜನಕ ಕುಸಿದಿತ್ತೆಂಬ ಸುದ್ದಿ ಹೊರಬಂದದ್ದು. ಬೆಳ್ಳಂದೂರು ಕೆರೆ ನೊರೆಯುಗುಳುತ್ತ, 2015ರಿಂದ 2018ರವರೆಗೆ ಮತ್ತೆ ಮತ್ತೆ ಹೊತ್ತಿ ಉರಿದ ಮೇಲೆಯೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸರಕಾರದ ಕಿವಿ ಹಿಂಡಿದ್ದು. ಆ ಕೆರೆಗಳ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ವರ್ಷಗಳಿಂದ ಬರೆಯುತ್ತಲೇ ಇತ್ತು. ತಿಳಿದವರು ಹೇಳಿದ್ದರು, ಕೇಳಿಸಿಕೊಳ್ಳಲೇಬೇಕೆಂಬ ಕಟ್ಟುಪಾಡು ಯಾರಿಗೂ ಇರಲಿಲ್ಲ.

ಮುನ್ಸೂಚನೆಗೆ ಪಂಚಾಂಗವೇ ಸಾಕಾಗುವ ಜಾಗವೂ ಮುಂಬಯಿಯಲ್ಲಿದೆ. ವಾಲ್ಕೇಶ್ವರದ ಬಾಣಗಂಗಾ ಪುಷ್ಕರಿಣಿಯಲ್ಲಿ ಪಿತೃಪಕ್ಷ ಮುಗಿದ ಮೇಲೆ ಮೀನುಗಳು ಸತ್ತು ತೇಲಿದ್ದು ಹಲವು ವರ್ಷ ವರದಿಯಾಗಿದೆ. ನೀರಿಗೆ ಬಿಟ್ಟ ಪಿಂಡ, ಹಿಟ್ಟು, ಹೂವು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಮಹಾಲಯ ಅಮಾವಾಸ್ಯೆ ಯಾವ ದಿನವೆಂದು ವರ್ಷದ ಮೊದಲೇ ಅಚ್ಚಾಗಿರುತ್ತದೆ. ಆದರೂ ಮೀನುಗಳ ಸಾವು ಪ್ರತಿ ಸಲ ಹೊಸ ಸುದ್ದಿಯೇ. ಇಲ್ಲಿ ಕೊರತೆಯಾಗಿರುವುದು ವಿಜ್ಞಾನವೆಂದು ಯಾರಾದರೂ ಹೇಳಬಲ್ಲರೆ?

ಮೂರನೆಯ ವಾದ: ‘ಪೊವಾಯಿ ನೀರನ್ನು ಯಾರೂ ಕುಡಿಯುವುದಿಲ್ಲ, ಚಿಂತೆ ಏತಕ್ಕೆ?’ ಘಾಟ್ಕೋಪರಿನ ನಲ್ಲಿಗೆ ಪೊವಾಯಿಯ ನೀರು ಬರುವುದಿಲ್ಲವೆಂಬುದು ಸರಿ. ನಮ್ಮದು ಬಹುಮಟ್ಟಿಗೆ ದೂರದ ಜಲಾಶಯಗಳಿಂದ ಬಂದು ಭಾಂಡೂಪಿನಲ್ಲಿ ಶುದ್ಧವಾಗುವ ನೀರು. ಆದರೆ ಮೈಕ್ರೋಸಿಸ್ಟಿನ್ ಮೀನಿನ ಒಳಾಂಗಗಳಲ್ಲಿ ಸೇರಿಕೊಳ್ಳಬಲ್ಲದು. ಅದನ್ನು ಹಿಡಿಯುವವರಿದ್ದಾರೆ, ತಿನ್ನುವವರಿದ್ದಾರೆ. ಕೆರೆ ಕೋಡಿ ಬಿದ್ದಾಗ ಆ ನೀರು ಮೀಠಿ ನದಿಯಾಗಿ ಕುರ್ಲಾದ ಬಡವರ ಬಾಗಿಲ ಮುಂದೆ ಹರಿದು ಮಾಹಿಮ್ ಖಾರಿಗೆ ಸೇರುತ್ತದೆ. ಕುಡಿಯುವ ನೀರಿಗಷ್ಟೇ ಅಲ್ಲದೆ ಮೈಗೆ ತಗುಲುವ ನೀರಿಗೂ ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹೇಳಿದೆ: ಜೀವನಪರ್ಯಂತ ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್ ಲೀಟರಿಗೆ 1 ಮೈಕ್ರೊಗ್ರಾಮ್, ಅಲ್ಪಾವಧಿಗಾದರೆ 12, ಈಜುವ ನೀರಿಗೆ 24. ಇತ್ತ ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಜಲಮೂಲಗಳನ್ನು ಎ, ಬಿ, ಸಿ, ಡಿ, ಇ ಎಂದು ವರ್ಗ ಮಾಡುವ ಮಾನದಂಡದಲ್ಲಿ ಕೋಲಿಫಾರ್ಮ್ ಇದೆ, ಆಮ್ಲಜನಕವಿದೆ, ಪಾಚಿಯ ಹೆಸರೇ ಇಲ್ಲ. ಅಳೆಯದೆ ಇರುವುದು ಇಲ್ಲವೆಂದೇ ದಾಖಲಾಗುತ್ತದೆ.

ನಾಲ್ಕನೆಯ ವಾದ: ‘ಮೊದಲೇ ಹೇಳಿದರೆ ಜನ ಗಾಬರಿಗೊಳ್ಳುತ್ತಾರೆ, ಹೇಳಿದ್ದು ಸುಳ್ಳಾದರೆ ನಗುತ್ತಾರೆ.’ ಮಳೆಯ ಮುನ್ಸೂಚನೆ ಎಷ್ಟೋ ಸಲ ತಪ್ಪುತ್ತದೆ. ಮುಂಬಯಿಗರು ನಗುತ್ತಾರೆ, ಆದರೂ ಕೊಡೆ ಒಯ್ಯುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಮೀಠಿ ಉಕ್ಕಿ, ನೂರಾರು ಜನ ಸತ್ತ ಮೇಲೆ ಈ ನಗರ ಮಳೆಮಾಪಕಗಳನ್ನು ನೆಟ್ಟಿತು. 2020ರಲ್ಲಿ ಐಫ್ಲೋಸ್ ಎಂಬ ನೆರೆ ಮುನ್ಸೂಚನಾ ವ್ಯವಸ್ಥೆಯನ್ನೂ ಪಡೆಯಿತು. ನೆರೆಯ ಬಗ್ಗೆ ಸಾಧ್ಯವಾದದ್ದು ಕೆರೆಯ ಬಗ್ಗೆಯೂ ಸಾಧ್ಯ. ಅದಕ್ಕೂ ಹೆಣಗಳು ಬೀಳಲೆಂದು ಕಾಯಬೇಕೆ ಎಂಬುದಷ್ಟೇ ಪ್ರಶ್ನೆ.

ಮುನ್ಸೂಚನೆಯಿಂದ ಕೆರೆ ಶುದ್ಧವಾಗುತ್ತದೆಂದು ನಾವು ಹೇಳುತ್ತಿಲ್ಲ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ಈರಿ ಸರೋವರದ ಪಶ್ಚಿಮ ಭಾಗಕ್ಕೆ ವರ್ಷವೂ ಮುನ್ಸೂಚನೆ ಕೊಡುತ್ತದೆ. ಮಾರ್ಚಿನಿಂದ ಜುಲೈವರೆಗೆ ಮೌಮಿ ನದಿ ಹೊತ್ತು ತರುವ ರಂಜಕವನ್ನು ಅಳೆದು ಆ ಬೇಸಗೆಯ ಪಾಚಿ ಎಷ್ಟು ಉಗ್ರವಾದೀತೆಂದು ಹೇಳುತ್ತದೆ. ಟೊಲೀಡೋದ ಸಂಕಟ ಬಂದದ್ದು ಮುನ್ಸೂಚನೆಯಿದ್ದೂ. ಹೊಲಗಳಿಂದ ಬರುವ ರಂಜಕ ನಿಲ್ಲದಿದ್ದರೆ ಪಾಚಿಯೂ ನಿಲ್ಲುವುದಿಲ್ಲ. ಆದರೆ ಅಲ್ಲಿ ಒಂದು ವ್ಯತ್ಯಾಸವಿದೆ. ಅಂಕಿ ಎಲ್ಲರ ಮುಂದಿದೆ; ಯಾವ ನದಿ, ಯಾವ ಹೊಲ, ಎಷ್ಟು ರಂಜಕ ಎಂದು ಪ್ರಜೆ ಎದ್ದುನಿಂತು ಕೇಳಬಲ್ಲ. ಇಲ್ಲಿ ನಾವು ಏನನ್ನು ಹಿಡಿದು ಕೇಳಬೇಕು?

ಇನ್ನು ಮಾತಿನ ವಿಷಯ. ಕೆರೆಗೆ ಸಂಬಂಧಿಸಿದ ಕಡತಗಳಲ್ಲಿ ಮೆರೆಯುವ ಒಂದು ಪದ ‘ಸುಶೋಭೀಕರಣ’. ದಡಕ್ಕೆ ಕಲ್ಲು ಹಾಸುವುದು, ದೀಪ ಹಾಕುವುದು, ಕಾರಂಜಿ ಚಿಮ್ಮಿಸುವುದು ಎಂದು ಅದರ ಅರ್ಥ. ಪೊವಾಯಿಯ ಸುತ್ತ ಸೈಕಲ್ ದಾರಿ ಕಟ್ಟಹೊರಟಾಗ 2022ರ ಮೇ ತಿಂಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಆ ಕಾಮಗಾರಿ ಕಾನೂನುಬಾಹಿರವೆಂದು ಹೇಳಿ ತಡೆಯಬೇಕಾಯಿತು. ಇನ್ನೊಂದು ಪದ ‘ಸ್ವಚ್ಛತೆ’. ಮರಾಠಿಯಲ್ಲಿ ಜಲಪರ್ಣಿ ಎನ್ನುವ, ನಮ್ಮ ಊರುಗಳಲ್ಲಿ ಅಂತರಗಂಗೆಯೆಂದೇ ಹಲವರು ಕರೆಯುವ ಕಳೆಯನ್ನು ಗುತ್ತಿಗೆದಾರರ ಯಂತ್ರಗಳು ಎಳೆದು ದಡಕ್ಕೆ ಹಾಕಿದರೆ ಕೆರೆ ಸ್ವಚ್ಛವಾಯಿತೆಂದು ಲೆಕ್ಕ. ಕಳೆಯನ್ನು ತೆಗೆಯಬೇಕು, ನಿಜ. ಆದರೆ ಕೊಳಚೆಯ ಬಾಯಿ ಮುಚ್ಚದೆ ಕಳೆಯನ್ನಷ್ಟೇ ತೆಗೆದರೆ, ಅದು ತಡೆದಿದ್ದ ಬಿಸಿಲು ನೀರಿಗಿಳಿಯುತ್ತದೆ, ಅದು ಉಣ್ಣುತ್ತಿದ್ದ ರಂಜಕ ನೀರಿನಲ್ಲಿ ಉಳಿಯುತ್ತದೆ. ಖಾಲಿಯಾದ ಜಾಗಕ್ಕೆ ಪಾಚಿ ಬರುತ್ತದೆ. ಕಳೆ ತೆಗೆದ ಮೇಲಿನ ವಾರಗಳೇ ಹೆಚ್ಚು ಕಾಯಬೇಕಾದ ವಾರಗಳು. ‘ಸ್ವಚ್ಛವಾಯಿತು’ ಎಂಬ ಕ್ರಿಯಾಪದ ಆ ಕಾವಲನ್ನೇ ಮರೆಸಿಬಿಡುತ್ತದೆ.

ಕನ್ನಡದಲ್ಲಿ ಕೆರೆಯ ನುಡಿಗಟ್ಟು ಹೀಗಿರಲಿಲ್ಲ. ಏರಿ, ತೂಬು, ಕೋಡಿ, ಹೂಳು, ಅಚ್ಚುಕಟ್ಟು ಎಂಬ ಪದಗಳಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸವಿತ್ತು, ಕೆಲಸಕ್ಕೆ ಜನರಿದ್ದರು. ಕೆರೆಯ ದುರಸ್ತಿಗೆಂದು ಬಿತ್ತುವಟ್ಟ ಬಿಟ್ಟ, ಕೆರೆ ಕಟ್ಟಿದವರಿಗೆ ಕಟ್ಟುಕೊಡಗೆ ಕೊಟ್ಟ, ಹೂಳೆತ್ತುವ ಬಂಡಿಗೆ ದತ್ತಿ ನೀಡಿದ ಶಾಸನಗಳು ನಾಡಿನ ತುಂಬ ಇವೆ. ಹಳೆಯ ಮೈಸೂರಿನ ಊರುಗಳಲ್ಲಿ ನೀರುಗಂಟಿ ಎಂಬವನಿದ್ದ. ತೂಬು ಎತ್ತುವುದು, ನೀರು ಹಂಚುವುದು, ಏರಿಯ ಬಿರುಕನ್ನು ಬೀಳುವ ಮೊದಲೇ ಗೌಡರಿಗೆ ತಿಳಿಸುವುದು ಅವನ ಕೆಲಸ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಬಿಗಿಯಾಗಿತ್ತು, ದುಡಿಮೆಗೆ ತಕ್ಕ ಮರ್ಯಾದೆ ಇರಲಿಲ್ಲ; ಅದನ್ನು ಹೊಗಳಿ ಹಾಡುವ ಉದ್ದೇಶ ನಮಗಿಲ್ಲ. ಆದರೆ ದಿನವೂ ಕೆರೆ ನೋಡಬೇಕಾದ ಒಬ್ಬ ಮನುಷ್ಯ, ಕಂಡದ್ದನ್ನು ಹೇಳಲೇಬೇಕಾದ ಒಂದು ಕಟ್ಟಳೆ, ಅದಕ್ಕೆ ಮೀಸಲಾದ ಒಂದು ಆದಾಯ, ಈ ಮೂರನ್ನು ಹಳಬರು ಕೂಡಿಸಿಟ್ಟಿದ್ದರು. ನಾವು ಕೇಳುತ್ತಿರುವ ಮುನ್ಸೂಚನೆಯೂ ಅಷ್ಟೇ: ತಟ್ಟೆ ಮತ್ತು ಮಾಪಕ ಹಿಡಿದ ನೀರುಗಂಟಿ.

ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಪೊವಾಯಿ ಮೊದಲಾಗಿ ನಗರದ ಪ್ರತಿಯೊಂದು ಕೆರೆಯನ್ನೂ ಗೊತ್ತಾದ ಜಾಗಗಳಲ್ಲಿ ವಾರಕ್ಕೊಮ್ಮೆ ಅಳೆಯಬೇಕು. ಕುಡಿಯುವ ನೀರಿನ ಜಲಾಶಯಗಳನ್ನೂ ಇದರಿಂದ ಬಿಡಬಾರದು. ಬಂದ ಅಂಕಿಯನ್ನು ನೀರಿನ ಮಟ್ಟದ ಶೇಕಡಾವಾರಿನ ಪಕ್ಕದಲ್ಲೇ ಅಚ್ಚುಮಾಡಬೇಕು. ಯಾವ ಅಂಕಿ ದಾಟಿದರೆ ಮೀನುಗಾರಿಕೆ ನಿಲ್ಲುತ್ತದೆ, ಯಾವುದು ದಾಟಿದರೆ ದಡ ಮುಚ್ಚುತ್ತದೆ, ಆ ಆಜ್ಞೆಯನ್ನು ಯಾವ ಹುದ್ದೆಯವರು ಹೊರಡಿಸುತ್ತಾರೆ ಎಂಬುದನ್ನು ಪಾಚಿ ಬರುವ ಮೊದಲೇ ಸಾರಬೇಕು; ದುಡಿಮೆ ನಿಂತವರಿಗೆ ಆ ದಿನಗಳ ಪರಿಹಾರವನ್ನೂ ಅದರಲ್ಲೇ ಬರೆಯಬೇಕು. ಋತು ಮುಗಿದ ಮೇಲೆ ಎಷ್ಟು ಮುನ್ಸೂಚನೆ ಫಲಿಸಿತು, ಎಷ್ಟು ತಪ್ಪಿತು ಎಂದು ಒಪ್ಪಿಸಬೇಕು. ತಪ್ಪಿದ್ದಕ್ಕೆ ನಾವು ಬೈಯುವುದಿಲ್ಲ, ಮುಚ್ಚಿಟ್ಟದ್ದಕ್ಕೆ ಬಿಡುವುದೂ ಇಲ್ಲ. ದಡದ ಫಲಕ ಅಲ್ಲಿ ದುಡಿಯುವವರಿಗೆ ತಿಳಿಯುವ ನುಡಿಗಳಲ್ಲಿರಬೇಕು. ಮರಾಠಿ ಮೊದಲು, ಅದು ಈ ನೆಲದ ನುಡಿ. ಅದರ ಜೊತೆಗೆ ಹಿಂದಿ, ಉರ್ದು, ಗುಜರಾತಿ, ತಮಿಳು, ಕನ್ನಡ.

ಹೊರನಾಡಿನ ಓದುಗರಿಗೆ ಕೊನೆಯ ಒಂದು ಮಾತು. ಊರಿನ ಕೆರೆಯ ನೆನಪನ್ನು ಕಥೆ, ಕವಿತೆ, ಪ್ರಬಂಧಗಳಲ್ಲಿ ನಾವು ಧಾರಾಳವಾಗಿ ಬರೆದಿದ್ದೇವೆ. ಆ ಕೆರೆಯಲ್ಲಿ ತಾವರೆ ಅರಳಿಯೇ ಇರುತ್ತದೆ, ನೀರು ತಿಳಿಯಾಗಿಯೇ ಇರುತ್ತದೆ. ಈಗ ನಾವು ಬದುಕುತ್ತಿರುವ ಊರಿನ ಕೆರೆ ಯಾವುದು, ಅದಕ್ಕೆ ಯಾರ ಬಚ್ಚಲು ಬೀಳುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಬಹಳ ಮಂದಿಗೆ ಉತ್ತರ ಬಾರದು. ನಮ್ಮ ಬಚ್ಚಲೂ ಎಲ್ಲಿಗೋ ಹೋಗಿ ಬೀಳುತ್ತದೆಂಬುದನ್ನು ಮರೆತು ಬರೆಯುವ ಕೆರೆಯ ಕವಿತೆಗೆ ಬೆಲೆ ಕಡಿಮೆ. ಬಾಡಿಗೆಗಿದ್ದವರಿಗೆ ಮನೆಯ ನೀರಿನ ಬಗ್ಗೆ ಕೇಳುವ ಹಕ್ಕಿಲ್ಲವೆಂದು ಯಾರೂ ಹೇಳಲಾರರು. ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ಚೆನ್ನೈಯಲ್ಲಿರಲಿ, ನಿಮ್ಮ ವಾರ್ಡಿನ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಬರೆಯಿರಿ: ನಮ್ಮ ಕೆರೆಯ ನೀರನ್ನು ಕೊನೆಯ ಬಾರಿ ಅಳೆದದ್ದು ಯಾವಾಗ, ಏನು ಬಂತು, ಮುಂದಿನ ಅಳತೆ ಯಾವ ದಿನ? ಮೂರೇ ಪ್ರಶ್ನೆ. ಉತ್ತರ ಬಂದರೆ ಇಲ್ಲಿ ಬರೆಯಿರಿ. ಬಾರದಿದ್ದರೆ, ಬರಲಿಲ್ಲವೆಂದು ದಿನಾಂಕ ಸಹಿತ ಬರೆಯಿರಿ.